ಫೌಂಡೇಶನ್ ರಬ್ಬರ್ ಇಲ್ಲದ ಗಾಡಿ

ಮನೆಯಲ್ಲಿ ಕಾರು ಇದ್ದರೆ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನಮ್ಮ ಸೋದರಮಾವನ ಕಾರಿನಂಥದ್ದಿದ್ದರೆ ಅವು ಬರುವ ಸದ್ದು ಒಂದು ಹರದಾರಿ ದೂರದಿಂದಲೇ ಕೇಳುತ್ತದೆ.

೧. ಉಸ್ತಾದನ ವಿಜ್ಞಾನ

ಶಹಾಬಾದದಲ್ಲಿ ಮಾವನಿಗೆ ಫರ್ಶಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆ ಇತ್ತು. ಇನ್ನೂ ಮೈಸೂರು ರಾಜ್ಯವಿದ್ದ ಕಾಲ. ಯಾವನೋ ಮುದಿ ಅಧಿಕಾರಿಯಿಂದ ಒಂದು ವಿಲಾಯತಿ ಕಾರು ಕೊಂಡ. ಅದರ ಎಂಜಿನ್ನು ವರ್ಷದೊಳಗೆ ಸತ್ತಿತು. ಗುಜರಿಗೆ ಬಂದ ಜೀಪಿನ ಡೀಸೆಲ್ ಎಂಜಿನ್ನು ತಂದು ಅದರೊಳಗೆ ಕೂಡಿಸಿದ. ಎರಡಕ್ಕೂ ಪರಸ್ಪರ ಒಪ್ಪಿಗೆ ಇರಲಿಲ್ಲ.

ಎಂಜಿನ್ನಿನ ನಡುಕ ಗಾಡಿಗೆ ಹತ್ತಬಾರದೆಂದು ನಡುವೆ ರಬ್ಬರಿನ ದಿಂಬುಗಳಿರುತ್ತವೆ. ಗ್ಯಾರೇಜಿನವರು ಫೌಂಡೇಶನ್ ರಬ್ಬರ್ ಎನ್ನುತ್ತಾರೆ. ಡೀಸೆಲ್ ಎಂಜಿನ್ನಿನ ಒದೆತಕ್ಕೆ ಅವು ಮೇಲಿಂದ ಮೇಲೆ ಹರಿಯುತ್ತಿದ್ದವು. ಕಡೆಗೆ ವಾಡಿಯ ಗ್ಯಾರೇಜಿನ ಉಸ್ತಾದ ರಬ್ಬರನ್ನು ಕಿತ್ತೆಸೆದು ಆ ಜಾಗದಲ್ಲಿ ಕಬ್ಬಿಣದ ತುಂಡುಗಳನ್ನಿಟ್ಟು ಬೋಲ್ಟು ಬಿಗಿದ.

"ರಬ್ಬರ್ ಚಪ್ಲಿಗಿ ಛಲೋರಿ ಸಾಹೇಬ್ರ. ಇದು ನೋಡ್ರಿ, ಜಿಂದಗಿಭರ್ ಹರಿಯೂದಿಲ್ಲ."

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಸುಮ್ಮನಿರಲಾಗಲಿಲ್ಲ. "ರಬ್ಬರ್ ತೆಗೆದ್ರ ಎಂಜಿನ್ನಿನ ನಡುಕ ಎಲ್ಲಿಗಿ ಹೋಗಬೇಕು ಉಸ್ತಾದ?" ಎಂದೆ.

"ಎಲ್ಲಿಗಿ ಹೋಗ್ತದ್ರಿ? ಗಾಡ್ಯಾಗ ಯಾರ ಕುಂತಿರ್ತಾರಲ್ಲ, ಅವರಿಗಿ."

೨. ಹಲ್ಲು

ನಮ್ಮ ಓಣಿಯಲ್ಲಿ ಒಬ್ಬ ಪಿಂಚಣಿದಾರರಿದ್ದರು. ಹಲ್ಲುನೋವಿಗೆ ಗಲ್ಲ ಊದಿಸಿಕೊಂಡು ಬಂದರು. ಚಿತ್ತಾಪುರದಲ್ಲಿ ಸಂತೆಯ ದಿನ ಹಲ್ಲಿನ ಡಾಕ್ಟರು ಕೂರುತ್ತಿದ್ದರು. ಮಾವ ಧಾರಾಳಿ. "ಬರ್ರಿ ಕಾಕಾ, ನಮ್ಮ ಗಾಡ್ಯಾಗ ಒಯ್ತೀನಿ" ಎಂದ. ನಾನು ಹಿಂದೆ ಕೂತೆ. ಹಿಂದಿನ ಸೀಟಿನವನ ಕೆಲಸ ಉದುರಿದ ನಟ್ಟು, ಬೋಲ್ಟುಗಳನ್ನು ಆರಿಸಿ ಡಬ್ಬಿಗೆ ಹಾಕುವುದು.

ವಾಡಿ ದಾಟುವವರೆಗೆ ಕಾಕಾ ಹನುಮಂತನ ಹೆಸರು ಹೇಳುತ್ತಿದ್ದರು. ಆಮೇಲೆ ಹೆಸರು ತುಂಡುತುಂಡಾಗಿ ಬರತೊಡಗಿತು. ಚಿತ್ತಾಪುರದ ಅಗಸೆಬಾಗಿಲು ಕಾಣುವಷ್ಟರಲ್ಲಿ ಅಂಗೈಯಲ್ಲಿ ಏನನ್ನೋ ಉಗುಳಿಕೊಂಡು ನೋಡಿದರು. ಹಲ್ಲು!

ಮಾವ ಗಾಡಿ ನಿಲ್ಲಿಸಿದ. "ಆತು ನೋಡ್ರಿ ಕಾಕಾ! ಡಾಕ್ಟರ್ ಬ್ಯಾಡ, ಫೀ ಬ್ಯಾಡ. ಹೊಳ್ಳೋಣಲ್ಲ?"

ಕಾಕಾ ಬಾಯೊಳಗೆ ಬೆರಳಾಡಿಸಿ ಹೇಳಿದರು: "ಇದಲ್ಲೋ ಹಾಳಾದವನ. ನೋಯ್ಲಿಕತ್ತಿದ್ದು ಅದರ ಬಾಜೂಕಿಂದು. ಅದು ಗಟ್ಟಿ ಅದ."

೩. ಬೇಸಿಗೆಯಲ್ಲಿ ಚಳಿ

ಹೆಣ್ಣು ನೋಡುವ ಶಾಸ್ತ್ರದಲ್ಲಿ ನನಗೆ ನಂಬಿಕೆಯಿರಲಿಲ್ಲ. ದನದ ಸಂತೆ ಎಂದು ಮನೆಯಲ್ಲಿ ಭಾಷಣ ಮಾಡಿದ್ದೆ. ಅವ್ವ ಭಾಷಣವನ್ನು ಪೂರ್ತಿ ಕೇಳಿ, ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು.

ಹೆಣ್ಣು ಸೇಡಮಿನವಳು, ಅಲ್ಲಿಯ ಶಾಲೆಯಲ್ಲಿ ಟೀಚರು. ಮಾವ ಗಾಡಿ ಹೊರಡಿಸಿದ. ನನ್ನ ಕಡೆಯ ಬಾಗಿಲಿನ ಚಿಲಕ ಅಲುಗಾಡಿ ಅಲುಗಾಡಿ ಬಿದ್ದುಹೋಗಿತ್ತು. ಶಹಾಬಾದದಿಂದ ಸೇಡಮಿನವರೆಗೆ ಎರಡೂ ಕೈಯಿಂದ ಬಾಗಿಲು ಹಿಡಿದು ಕೂತೆ. ಇಳಿದಾಗ ಕೈ ನನ್ನವೆನಿಸಲಿಲ್ಲ.

ಅವಳೇ ಚಹಾ ತಂದಳು. ಕಪ್ಪು ತೆಗೆದುಕೊಂಡೆ. ಕಪ್ಪು ಬಶಿಯ ಮೇಲೆ ಕಟಕಟ ಕುಣಿಯತೊಡಗಿತು. ಪಡಸಾಲೆಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕೇಳಿದರು. ಇನ್ನೊಂದು ಕೈಯಿಂದ ಹಿಡಿದೆ. ಸದ್ದು ಇಮ್ಮಡಿಯಾಯಿತು. ಅವಳು ತುಟಿ ಕಚ್ಚಿ ನಗು ತಡೆದು ಕೇಳಿದಳು: "ಚಳಿ ಹತ್ಯದೇನ್ರಿ?"

ಹೊರಗೆ ಬಿಸಿಲಿಗೆ ಕಾಗೆಗಳೂ ನೆರಳು ಹಿಡಿದಿದ್ದವು. ಅದೇ ಕ್ಷಣ ನನ್ನ ಭಾಷಣವೆಲ್ಲ ಮರೆತುಹೋಯಿತು. ಇವಳೇ ಬೇಕು ಅನಿಸಿತು. ಹಾಗೆ ಅನಿಸುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂಬುದು ಗೊತ್ತಿತ್ತು.

ಸಂಬಂಧ ಕೂಡಿಸಲು ನಡುವೆ ಓಡಾಡಿದ ಹಿರಿಯನೊಬ್ಬ ಮಾವನನ್ನು ಅಂಗಳಕ್ಕೆ ಕರೆದೊಯ್ದ. "ಹುಡುಗ ಓದ್ಯಾನ, ಛಲೋ. ಆದ್ರ ಕೈ ನೋಡಿದ್ರ... ಕುಡೀತಾನೇನ್ರಿ?"

ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಮಾವ ಎದೆ ತಟ್ಟಿ ನನ್ನ ಮಾನ ಉಳಿಸಿದ:

"ಛೇ ಛೇ, ಹನಿ ಮುಟ್ಟೂದಿಲ್ರಿ! ನಮ್ಮ ಮನ್ಯಾಗ ಎಲ್ಲಾರಿಗೂ ಹಿಂಗೇ ಆಗ್ತದ."

೪. ಚಹಾದ ಪ್ರಾತ್ಯಕ್ಷಿಕೆ

ಹೆಣ್ಣಿನ ಕಡೆಯವರಿಂದ ಮರುಮಾತು ಬರಲಿಲ್ಲ. ಆ ಹಿರಿಯನನ್ನು ಹುಡುಕಿ ಹೋಗಿ, ತಪ್ಪು ಗಾಡಿಯದು, ನನ್ನದಲ್ಲ ಎಂದು ತಿಳಿಸಿ ಹೇಳಿರೆಂದೆ. "ಬ್ಯಾಡ್ರಿ ಮಾಸ್ತರ. ಈಗ ಕುಡಕ ಅನ್ಲಿಕತ್ತಾರ. ಗಾಡಿ ಮ್ಯಾಲ ಹಾಕಿದ್ರ ಸುಳ್ಳಬುರುಕ ಅಂತಾರ" ಎಂದ.

ನನಗೆ ಸೇಡಮಿನಲ್ಲಿ ಯಾವ ಕೆಲಸವೂ ಇರಲಿಲ್ಲ. ಆದ್ದರಿಂದ ಪ್ರತಿ ಶನಿವಾರ ಹೋಗತೊಡಗಿದೆ. ರೈಲಿನಲ್ಲಿ. ಅವಳ ಶಾಲೆಯ ಎದುರಿಗೇ ಒಂದು ಹೋಟೆಲು. ಶಾಲೆ ಬಿಡುವ ಹೊತ್ತಿಗೆ ತುಂಬಿದ ಚಹಾದ ಗ್ಲಾಸು ಹಿಡಿದು ಹೊರಗೆ ನಿಲ್ಲುತ್ತಿದ್ದೆ, ಕೈಯನ್ನು ಮುಂದೆ ಚಾಚಿ. ಮಾತಾಡಿಸುವ ಧೈರ್ಯವಿರಲಿಲ್ಲ. ಕೈ ಗಟ್ಟಿಯಿದೆ ಎಂಬುದನ್ನು ಅವಳು ಕಣ್ಣಾರೆ ಕಂಡರೆ ಸಾಕು, ಉಳಿದದ್ದು ತಾನೇ ತಿಳಿಯುತ್ತದೆ ಎಂಬುದು ನನ್ನ ಲೆಕ್ಕ. ಅವಳು ಜೊತೆಯ ಟೀಚರಮ್ಮನೊಂದಿಗೆ ಮಾತಾಡುತ್ತ ಹೋಗಿಬಿಡುತ್ತಿದ್ದಳು. ಕೊಡೆಯ ಅಂಚು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ತಣ್ಣಗಾದ ಚಹಾ ಕುಡಿದು ಮರಳುತ್ತಿದ್ದೆ. ವಾರವಿಡೀ ಆ ಕೊಡೆಯ ಅಂಚೇ ಕಣ್ಣ ಮುಂದೆ.

"ಮಾಸ್ತರ, ಚಾ ಕುಡೀಲಿಕ್ಕೆ ತಗೋತೀರೋ, ಊರಿಗಿ ತೋರಸ್ಲಿಕ್ಕೆ ತಗೋತೀರೋ?" ಎಂದು ಹೋಟೆಲಿನವ ಕೇಳಿದ.

ಮಳೆಗಾಲ ಮುಗಿಯುತ್ತ ಬಂದ ಒಂದು ಶನಿವಾರ ಅವಳು ಒಬ್ಬಳೇ ಬಂದಳು. ರಸ್ತೆಯ ನಡುವೆ ನಿಂತು ನೇರವಾಗಿ ನೋಡಿದಳು. ನನ್ನ ಮುಖವನ್ನಲ್ಲ, ಕೈಯನ್ನು. ಇಷ್ಟು ವಾರ ಕಾದದ್ದು ಅದಕ್ಕೇ. ಆಗ ಕೈ ನಡುಗಿತು. ಅಂಗಿಯ ಮೇಲೆಲ್ಲ ಚಹಾ.

ಅವಳು ತಲೆ ತಗ್ಗಿಸಿ ನಡೆದಳು. ಹೋಟೆಲಿನವ ಹೊರಗೆ ಬಂದು ನೋಡಿದ. "ನಿಮ್ಮ ಅಂಗಿ ಹಾಳಾದ್ರ ಆಗ್ಲಿ, ನನ್ನ ಬಾಗಲ ಮುಂದ ಚೆಲ್ಲಬ್ಯಾಡ್ರಿ. ಇರಿವಿ ಬರ್ತಾವ."

೫. ಬಾಡಿಗೆ

ಲಗ್ನದ ಸುಗ್ಗಿಯಲ್ಲಿ ಮಾವ ಗಾಡಿಯನ್ನು ಬಾಡಿಗೆಗೂ ಬಿಡುತ್ತಿದ್ದ. ಒಮ್ಮೆ ಜ್ವರ ಬಂದು ಮಲಗಿ, "ಅಳಿಯಾ, ಸೇಡಮಿನಾಗ ಒಂದು ಮದುವಿ. ಮದುಮಕ್ಕಳನ್ನ ವಾಡಿ ಸ್ಟೇಶನ್ನಿಗಿ ಬಿಟ್ಟು ಬಾ" ಎಂದ. ಯಾರ ಮದುವೆಯೆಂದು ನಾನು ಕೇಳಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ, ಕಡೆಯವರೆಗೂ ಕೇಳಲಿಲ್ಲ.

ಹಂದರದ ಮುಂದೆ ಗಾಡಿ ನಿಂತಾಗ ಮನೆಯ ಗುರುತು ಹತ್ತಿತು: ನನ್ನ ಕಪ್ಪು ಕುಣಿದ ಮನೆ. ಟವೆಲನ್ನು ಕಿವಿ ಮುಚ್ಚುವಂತೆ ತಲೆಗೆ ಸುತ್ತಿಕೊಂಡೆ. ಅಗತ್ಯವಿರಲಿಲ್ಲ. ಮದುವೆ ಮನೆಯಲ್ಲಿ ಡ್ರೈವರನ ಮುಖ ಯಾರೂ ನೋಡುವುದಿಲ್ಲ.

ಗಂಡನಿಗೆ ಸೊಲ್ಲಾಪುರದಲ್ಲಿ ನೌಕರಿ. ಅಲ್ಲಿಗೆ ಹೋಗುವ ರೈಲನ್ನು ವಾಡಿಯಲ್ಲಿ ಹಿಡಿಯಬೇಕು. ಇಬ್ಬರೂ ಹಿಂದೆ ಕೂತರು. ಒಂದು ಸಲ ಕನ್ನಡಿಯಲ್ಲಿ ನೋಡಿದೆ. ಗಾಡಿಯ ನಡುಕಕ್ಕೆ ಅವಳು ಮೂವರಾಗಿ ಕಂಡಳು. ಮೂವರಲ್ಲಿ ಒಬ್ಬಳ ಮುಖವೂ ಕಣ್ಣಿಗೆ ನಿಲ್ಲಲಿಲ್ಲ. ದಾರಿಯುದ್ದಕ್ಕೂ ಹಸಿರು ಬಳೆಗಳ ಸದ್ದು ಎಂಜಿನ್ನಿನ ಸದ್ದಿಗೆ ಸೋಲದೆ ಕೇಳುತ್ತಿತ್ತು. ವಾಡಿ ಇನ್ನೂ ದೂರವಿರಲಿ ಅನಿಸುತ್ತಿತ್ತು. ಆ ಗಾಡಿಯಲ್ಲಿ ಕೂತು ಹಾಗೆ ಬಯಸಿದವನು ನಾನೊಬ್ಬನೇ ಇರಬೇಕು.

ಸ್ಟೇಶನ್ನಿನಲ್ಲಿ ಗಂಡ ಹಮಾಲನನ್ನು ಕರೆಯಲು ಹೋದ. ಗಾಡಿಯ ನಡುಕ ಇನ್ನೂ ಇಳಿಯದ ಕೈ ಎತ್ತಿ ಕರೆದರೆ, ಬೇಡ ಬೇಡ ಎನ್ನುತ್ತಿದ್ದಾನೆಂದು ತಿಳಿದು ಹಮಾಲ ದೂರವೇ ನಿಂತ. ಇವಳು ಗಾಡಿಯ ಪಕ್ಕ ನಿಂತು ತನ್ನ ಅಂಗೈಗಳನ್ನು ನೋಡಿಕೊಂಡಳು. ಬಳೆಗಳು ಇನ್ನೂ ಕಿಣಿಕಿಣಿ ಎನ್ನುತ್ತಿದ್ದವು. ಆಮೇಲೆ ಟವೆಲಿನೊಳಗಿನ ಮುಖ ನೋಡಿದಳು.

"ಅವತ್ತ ನೀವು ಇದರಾಗೇ ಬಂದಿದ್ರೇನ್ರಿ?"

"ಹೌದ್ರಿ."

"ಶಹಾಬಾದದಿಂದ?"

"ಹೌದ್ರಿ."

"ಅಷ್ಟು ಶನಿವಾರ ನಿಂತ್ರಿ. ಒಂದು ಮಾತು ಬಾಯಿಬಿಟ್ಟು ಹೇಳಬಾರದಿತ್ತೇನ್ರಿ?"

ಅಷ್ಟರಲ್ಲಿ ಗಂಡ ಹಮಾಲನೊಂದಿಗೆ ಬಂದ. ಹಲ್ಲು ಕಟಕಟಿಸುತ್ತ ನನ್ನ ಕಡೆ ತೋರಿಸಿ ಕೇಳಿದ: "ಇ-ಇವರು ಗುರ್ತಿನವರೇನು?"

"ಇಲ್ರಿ," ಎಂದಳು. "ಗಾಡಿದು ಗುರ್ತಾತು. ಅದೂ ಈಗ."