ಗೋಡೆಯ ಮೇಲಿನ ಮೀಸೆ

ಊರಿಗೆ ಕಲೆ ಅಂಟಿಸಿದವರು ಪುರಸಭೆಯ ಅಧ್ಯಕ್ಷರು. ಬೇರೆ ಊರಿನ ಚರಂಡಿ ವ್ಯವಸ್ಥೆ ನೋಡಿ ಬನ್ನಿ ಎಂದು ಕಳಿಸಿದರೆ ಅಲ್ಲಿನ ಶಿಲ್ಪಗಳನ್ನು ನೋಡಿ ಬಂದರು. ಅಂದಿನಿಂದ ಚರಂಡಿ ಇದ್ದಂತೆಯೇ ಇದೆ, ಅದರ ದಂಡೆಯ ಮೇಲೆ ಮಾತ್ರ ಒಂದೊಂದೇ ಕಲಾಕೃತಿ ತಲೆ ಎತ್ತತೊಡಗಿತು.

ಇದರಿಂದ ಮೀಸೆಸಾಹೇಬರಿಗೆ ಯಾವ ತೊಂದರೆಯೂ ಇರಲಿಲ್ಲ. ಅಂಚೆ ಕಚೇರಿಯ ಕೌಂಟರ್ ಗುಮಾಸ್ತರಾದ ಅವರಿಗೆ ಮನೆ, ಕಚೇರಿ ಬಿಟ್ಟರೆ ಮೀಸೆಯೇ ಪ್ರಪಂಚ. ಮೀಸೆಯಾದರೂ ಎಂಥದು! ಎರಡು ಅಳಿಲುಗಳು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಂತೆ ಮೇಲ್ದುಟಿಯನ್ನೆಲ್ಲ ಆವರಿಸಿಕೊಂಡಿತ್ತು. ಊರಿನವರು ಅವರ ನಿಜವಾದ ಹೆಸರನ್ನು ಎಂದೋ ಮರೆತಿದ್ದರು.

ತೊಂದರೆ ತಂದವನು ಗೆಳೆಯ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಆತ ಭಾನುವಾರ ಬೆಳಗ್ಗೆಯೇ ಬಂದು ಬಾಗಿಲು ಬಡಿದ.

"ಏಳಯ್ಯ, ಊರಿನ ಕಲೆಯನ್ನೆಲ್ಲ ನಡ್ಕೊಂಡೇ ನೋಡಿ ಬರೋಣ. ಸಂಜೆ ಬಸ್‌ಸ್ಟ್ಯಾಂಡಿನ ಗೋಡೆಚಿತ್ರದ ಉದ್ಘಾಟನೆ, ನಿಮ್ಮ ದೊಡ್ಡ ಸಾಹೇಬ್ರೇ ಮುಖ್ಯ ಅತಿಥಿ. ಅವರ ಮುಂದೆ ಕಲೆ ಬಗ್ಗೆ ನಾಲ್ಕು ಮಾತಾಡು, ನಿನ್ನ ಬಡ್ತಿ ಗ್ಯಾರಂಟಿ!"

ಬಡ್ತಿ ಎಂದದ್ದೇ ತಡ, ಕಲೆಯ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿ ಮೀಸೆಸಾಹೇಬರು ಚಪ್ಪಲಿ ಮೆಟ್ಟಿದರು.

ನೀರಿನ ಟ್ಯಾಂಕಿನ ಹತ್ತಿರ ತುಕ್ಕು ಹಿಡಿದ ಕಬ್ಬಿಣದ ಆಕೃತಿಯೊಂದು ಕಂಡಿತು. ಗೆಳೆಯ ತಲೆಯನ್ನು ಓರೆ ಮಾಡಿ ಕಣ್ಣು ಕಿರಿದು ಮಾಡಿದ.

"ಆಹಾ! ಆಧುನಿಕ ಮನುಷ್ಯನ ಒಂಟಿತನ ಕಣಯ್ಯ ಇದು. ಆ ತೂತು ಇದ್ಯಲ್ಲ, ಅದೇ ಅವನ ಹೃದಯ."

"ಹೌದೌದು," ಎಂದರು ಮೀಸೆಸಾಹೇಬರು, ಸಂಜೆಗೆ ಬೇಕಾದೀತೆಂದು ಮನಸ್ಸಿನಲ್ಲೇ ಉರು ಹೊಡೆಯುತ್ತ.

ಅಷ್ಟರಲ್ಲಿ ಇಬ್ಬರು ಕೆಲಸಗಾರರು ಬಂದು, "ಸ್ವಲ್ಪ ಜರುಗಿ ಸಾರ್, ಪಂಪು ಕೆಟ್ಟಿದೆ, ವೆಲ್ಡಿಂಗಿಗೆ ಕೊಡ್ಬೇಕು," ಎಂದು ಒಂಟಿತನವನ್ನು ಕೈಗಾಡಿಗೆ ಹಾಕಿಕೊಂಡು ಹೋದರು. ಅಸಲಿ ಶಿಲ್ಪ ಟ್ಯಾಂಕಿನ ಆಚೆ ಬದಿಯಲ್ಲಿತ್ತು. ಅದು ಸಿಮೆಂಟಿನ ಜಿಂಕೆ. ಅದರ ಕೊಂಬುಗಳ ಮೇಲೆ ಯಾರೋ ಬನಿಯನ್ ಒಣಹಾಕಿದ್ದರು. ಊರಿನಲ್ಲಿ ಜನರಿಗೆ ಉಪಯೋಗವಾದ ಕಲಾಕೃತಿ ಅದೊಂದೇ.

ಬಸ್‌ಸ್ಟ್ಯಾಂಡಿನ ಗೋಡೆಯ ಮುಂದೆ ಆಗಲೇ ಜನ ನೆರೆದಿದ್ದರು. ಮೀಸೆಸಾಹೇಬರನ್ನು ಕಂಡದ್ದೇ ಬೇಕರಿಯಾಕೆ ಕೂಗಿದಳು: "ಬಂದ್ರು, ಬಂದ್ರು! ದಾರಿ ಬಿಡ್ರಪ್ಪ!"

ಚಿತ್ರದ ಹೆಸರು 'ದುಡಿಯುವ ಊರು'. ದರ್ಜಿ ಹೊಲಿಯುತ್ತಿದ್ದ, ಬಡಗಿ ಮರ ಉಜ್ಜುತ್ತಿದ್ದ, ಬೇಕರಿಯಾಕೆ ಹಿಟ್ಟು ನಾದುತ್ತಿದ್ದಳು. ನಟ್ಟನಡುವೆ ಒಂದು ಕೌಂಟರು. ಅದರ ಹಿಂದೆ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಒಬ್ಬ ಮನುಷ್ಯ. ಅವನ ಮುಂದೆ ನಿಂತ ಜನರ ಸಾಲು ಗೋಡೆ ಮುಗಿದರೂ ಮುಗಿದಿರಲಿಲ್ಲ. ಅವನ ತುಟಿಯ ಮೇಲೆ ಎರಡು ಅಳಿಲುಗಳು.

"ಗೊರಕೆ ಕೂಡ ಕೇಳಿಸೋ ಹಾಗಿದೆ," ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಮೆಚ್ಚಿಕೊಂಡರು.

ಮೀಸೆಸಾಹೇಬರು ಜನರನ್ನು ಸರಿಸಿಕೊಂಡು ಗೋಡೆಯ ಬುಡಕ್ಕೆ ಬಂದರು. ಏಣಿಯ ಮೇಲಿದ್ದ ಚಿತ್ರಗಾತಿಯನ್ನು ಕೂಗಿದರು.

"ಏನಮ್ಮಾ ಇದು? ನನ್ನನ್ಯಾಕೆ ಬರೆದೆ?"

"ಸ್ಟ್ಯಾಂಪ್ ತಗೊಳ್ಳೋಕೆ ಬಂದಿದ್ದೆ ಸಾರ್. ನೀವು ಏಳೋವರೆಗೂ ಸುಮ್ನೆ ನಿಂತು ಏನ್ಮಾಡ್ಲಿ? ಸ್ಕೆಚ್ ಹಾಕ್ಕೊಂಡೆ."

"ಆ ಮೀಸೆಯನ್ನಾದ್ರೂ ಅಳಿಸು ತಾಯಿ! ಸಂಜೆ ನಮ್ಮ ಸಾಹೇಬ್ರು ಬರ್ತಾರೆ!"

"ಮೀಸೆ ಹೋದ್ರೆ ಚಿತ್ರದ ಜೀವವೇ ಹೋಗುತ್ತೆ ಸಾರ್. ಆಗಲ್ಲ," ಎಂದು ಆಕೆ ಮೀಸೆಗೆ ಇನ್ನೊಂದು ಎಳೆ ಸೇರಿಸಿದಳು.

"ನೀನು ಮನೆಗೆ ಹೋಗಿ ಆರಾಮಾಗಿರು. ನಾನೇನು ಸತ್ತಿದ್ದೀನಾ?" ಎಂದು ಗೆಳೆಯ ಎದೆ ತಟ್ಟಿಕೊಂಡ.

ಕಾಲೆಳೆದುಕೊಂಡು ಹೊರಟವರನ್ನು ಬೇಕರಿಯಾಕೆ ತಿರುವಿನವರೆಗೂ ಬೆನ್ನತ್ತಿ ಬಂದಳು. "ಗೋಡೆ ಮೀಸೆ ಹೋಗಲ್ಲ ಅಂದ್ರೆ ನಿಮ್ಮದನ್ನ ತೆಗೆಸಿಬಿಡಿ ಸಾರ್. ಆಮೇಲೆ ಅವನ್ಯಾರೋ, ನೀವ್ಯಾರೋ!"

ಕ್ಷೌರದಂಗಡಿಯಲ್ಲಿ ಮೀಸೆಸಾಹೇಬರು ಕಣ್ಣು ಮುಚ್ಚಿಕೊಂಡರು. ಕ್ಷೌರಿಕ ಕತ್ತಿ ಮಸೆದ. "ನಾನೇ ಸಾಕಿ ಬೆಳೆಸಿದ್ದು ಸಾರ್," ಎಂದು ಮೂಗು ಒರೆಸಿಕೊಂಡು, ಎರಡೇ ಎಳೆತಕ್ಕೆ ಸಾಕಿದ್ದನ್ನೆಲ್ಲ ನೆಲಕ್ಕುರುಳಿಸಿದ. ಕನ್ನಡಿಯಲ್ಲಿ ಸಿಪ್ಪೆ ಸುಲಿದ ಆಲೂಗಡ್ಡೆಯಂಥ ಮುಖವೊಂದು ಅವರನ್ನೇ ನೋಡಿತು.

ಮನೆಯ ಬಾಗಿಲು ತೆರೆದ ಹೆಂಡತಿ, "ಯಜಮಾನ್ರು ಮನೇಲಿಲ್ಲ, ಸಂಜೆ ಬನ್ನಿ," ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಬರಲು ಮದುವೆಯ ದಿನದಿಂದ ನಡೆದ ಜಗಳಗಳನ್ನೆಲ್ಲ ಕಿಟಕಿಯಿಂದ ವಿವರಿಸಿ ಗುರುತು ಸಾಬೀತು ಮಾಡಬೇಕಾಯಿತು. ನೆರೆಮನೆಗಳ ಕಿಟಕಿಗಳೂ ಅದನ್ನು ಗಮನವಿಟ್ಟು ಕೇಳಿದವು.

"ರೀ, ಇಷ್ಟು ವರ್ಷ ಮೀಸೆ ಹಿಂದೆ ಇದನ್ನಾ ಬಚ್ಚಿಟ್ಟಿದ್ದು?" ಎಂದಳು ಆಕೆ. "ಬಚ್ಚಿಟ್ಟಿದ್ದೇ ಒಳ್ಳೇದಾಗಿತ್ತು."

ಆದರೂ ಸಂಜೆ ಮೀಸೆಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದೆಯುಬ್ಬಿಸಿ ಮುಂದಿನ ಸಾಲಿನಲ್ಲೇ ನಿಂತರು. ಗೋಡೆಗೆ ಪರದೆ ಇಳಿಬಿಟ್ಟಿದ್ದರು. ಊರಿನ ಅರ್ಧ ಜನ ಗುರುತಿಸದೆ ಅವರನ್ನು ತಳ್ಳಿಕೊಂಡೇ ಮುಂದೆ ಹೋದರು. ಅದೂ ಅವರಿಗೆ ಖುಷಿಯೇ ಆಯಿತು.

ಗೆಳೆಯ ಜನರನ್ನು ಸೀಳಿಕೊಂಡು ಬಂದವನು, ಮೀಸೆಸಾಹೇಬರು ಕೂಗಿದ ಧ್ವನಿ ಕೇಳಿ ಗಕ್ಕನೆ ನಿಂತ.

"ನಿನ್ನ... ನಿನ್ನ ಮೀಸೆ ಎಲ್ಲಯ್ಯಾ?"

"ತೆಗೆಸಿದೆ! ಇನ್ಮೇಲೆ ಆ ಗೋಡೆಗೂ ನನಗೂ ಸಂಬಂಧ ಇಲ್ಲ!"

"ಅಯ್ಯೋ ಪಾಪಿ! ಮಧ್ಯಾಹ್ನ ಊಟಾನೂ ಬಿಟ್ಟು ಆ ಹುಡುಗಿ ಕೈಕಾಲು ಹಿಡಿದೆ ಕಣೋ. ಕೊನೆಗೂ ಒಪ್ಪಿ ಗೋಡೆ ಮೇಲಿನ ಮೀಸೆ ಅಳಿಸಿದಳು!"

ಮೀಸೆಸಾಹೇಬರು ಬರಿದಾದ ಮೇಲ್ದುಟಿಯನ್ನು ಸವರಿಕೊಂಡರು. "ಹೋಗಲಿ," ಎಂದರು ಕ್ಷೀಣವಾಗಿ, "ಮೀಸೆ ಕೆಳಗೆ ನನ್ನ ಮುಖ ಹೇಗಿದೆ ಅಂತ ಅವಳಿಗೇನು ಗೊತ್ತು?"

"ಅವಳೂ ಅದನ್ನೇ ಕೇಳಿದಳು," ಎಂದ ಗೆಳೆಯ, ದನಿ ತಗ್ಗಿಸಿ. "ನೀನು ಕೆಲಸಕ್ಕೆ ಸೇರುವಾಗ ನನ್ನ ಸ್ಟುಡಿಯೋದಲ್ಲಿ ತೆಗೆಸಿದ್ದ, ಮೀಸೆ ಇಲ್ಲದ ಫೋಟೋ ಇತ್ತು. ಕೊಟ್ಟೆ."

ಚಪ್ಪಾಳೆಯ ನಡುವೆ ದೊಡ್ಡ ಸಾಹೇಬರು ಪರದೆ ಎಳೆದರು. ಸಿಪ್ಪೆ ಸುಲಿದ ಆಲೂಗಡ್ಡೆಯೊಂದು ಕೌಂಟರಿನ ಹಿಂದೆ ಬಾಯಿ ತೆರೆದು ಮಲಗಿತ್ತು. ಸಾಹೇಬರು ಅದನ್ನು ನೋಡಿದರು. ಆಮೇಲೆ ನಿಧಾನವಾಗಿ ಮುಂದಿನ ಸಾಲಿನತ್ತ ತಿರುಗಿದರು. ಮತ್ತೆ ಗೋಡೆಯತ್ತ ನೋಡಿದರು.

"ಅದ್ಭುತ!" ಎಂದರು. "ಕಣ್ಣಿಗೆ ಕಟ್ಟಿದ ಹಾಗಿದೆ."

ಮೀಸೆಸಾಹೇಬರು ತೊದಲಿದರು: "ಸಾರ್, ಇದು... ಆಧುನಿಕ ಮನುಷ್ಯನ ಒಂಟಿತನ ಸಾರ್..."

"ಇರಬಹುದು," ಎಂದು ಸಾಹೇಬರು ನಕ್ಕರು. "ನಾಳೆ ಬೆಳಗ್ಗೆ ನಿಮ್ಮ ಕೌಂಟರಿಗೇ ಬರ್ತೀನಿ. ಎದ್ದಿರ್ತೀರಲ್ಲ?"