ಹಂಗಾಮಿ ಮೌಸ್ ಹುದ್ದೆಯಲ್ಲಿರುವ ನನ್ನ ಮೊಬೈಲ್ ಸಾಹೇಬರಿಗೆ

ಮಾನ್ಯರೇ,

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಫ್ಲೆಕ್ಸ್ ಅಂಗಡಿ ನಡೆಸುವ, ಬರುವ ಸೋಮವಾರ ಹಸೆಮಣೆ ಏರಲಿರುವ ರಾಜೇಶ್ರೀ ಎಂಬ ನಾನು, ತಮ್ಮ ಗಾಜಿನಲ್ಲಿ ಒಡೆಯದೆ ಉಳಿದ ಅರ್ಧಕ್ಕೆ ಶರಣೆಂದು, ತಮ್ಮ ಚಾರ್ಜು ಸದಾ ತುಂಬಿರಲೆಂದು ಹಾರೈಸಿ, ಬಹಿರಂಗವಾಗಿ ಬರೆದುಕೊಳ್ಳುವುದೇನೆಂದರೆ:

ನನ್ನ ಜೊತೆ ಕೆಲಸ ಮಾಡುವ ಅಬ್ರಾರ್ ಹಳೆಯ ಮೌಸಿಗೆ ಚಹಾ ಕುಡಿಸಿ ಅದನ್ನು ನಿವೃತ್ತಿಗೊಳಿಸಿದಾಗ, ಒಂದು ಆ್ಯಪ್ ಹಾಕಿದ ಮಾತ್ರಕ್ಕೆ ತಾವೇ ಮೌಸ್ ಆಗಲು ಒಪ್ಪಿದ ದೊಡ್ಡತನವನ್ನು ಹೇಗೆ ಮರೆಯಲಿ? ತಮ್ಮ ಮೇಲೆ ಬೆರಳಾಡಿಸಿದರೆ ಕಂಪ್ಯೂಟರಿನಲ್ಲಿ ಬಾಣ ಓಡುತ್ತಿತ್ತು. ಖುಷಿಗೆ ನಾನು ಕುರ್ಚಿ ಸಮೇತ ಒಂದು ಸುತ್ತು ತಿರುಗಿದೆ. ಆ ಹುರುಪಿನಲ್ಲೇ ನನ್ನ ಮದುವೆಯ ಬ್ಯಾನರಿಗೆ ಕೈಹಾಕಿದೆ.

ತಮಗೆ ತಿಳಿಯದ್ದೇನಲ್ಲ, ನಮ್ಮ ಕಡೆ ಬ್ಯಾನರಿನಲ್ಲಿ ಯಾರ ಮುಖ ಎಷ್ಟು ಅಗಲ ಎಂಬುದರ ಮೇಲೆ ನೆಂಟಸ್ತಿಕೆ ನಿಂತಿದೆ. ನಿಶ್ಚಿತಾರ್ಥದ ಬ್ಯಾನರಿನಲ್ಲಿ ತನ್ನ ಮುಖ ಕಾಕಾನಿಗಿಂತ ಸಣ್ಣದಾಯಿತೆಂದು ಕಮಲಾಪುರದ ನನ್ನ ಸೋದರಮಾವ ಧರ್ಮರಾಜ ಊಟ ಬಿಟ್ಟು ಎದ್ದು ಹೋಗಿದ್ದರು. ಮತ್ತೆ ಹಾಗಾದರೆ ಮದುವೆಗೇ ಬಾರೆನೆಂದು ಹೇಳಿಕಳಿಸಿದ್ದರು. ಅಕ್ಷತೆಯ ಅಕ್ಕಿಕಾಳು ಬೀಳುವಾಗ ಸೋದರಮಾವನಾಗಿ ನನ್ನ ಹಿಂದೆ ನಿಲ್ಲಬೇಕಾದವರು ಅವರು. ನನಗೆ ಸೈಕಲ್ ಕಲಿಸಿ, ನಾನು ಬಿದ್ದಾಗಲೆಲ್ಲ ಸೈಕಲ್ಲಿಗೇ ಬೈದವರು. ಅವರಿಲ್ಲದ ಮದುವೆ ನನಗೆ ಬೇಡವೇ ಬೇಡ.

ಕಾಕಾ, ಮಾಮಾ ಇಬ್ಬರನ್ನೂ ಸರಿಸಮ ಮಾಡಿ, ಮಾಮಾನ ಫೋಟೊವನ್ನು ಇನ್ನೊಂದು ಕೂದಲೆಳೆ ಸರಿಸುವಷ್ಟರಲ್ಲಿ ತಾವು ಮೊಳಗಿದಿರಿ. ಮಾಮಾನೇ! “ಕಾಕಾಗಿಂತ ಸಣ್ಣದು ಆಗಬಾರದು ನೋಡವಾ” ಎಂದು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನಾನು ತಮ್ಮನ್ನು ಕಿವಿಗೊತ್ತಿಕೊಂಡು ಅಂಗಡಿಯ ಹೊರಗೆ ಅಡ್ಡಾಡುತ್ತ “ಹೂಂ ಮಾಮಾ, ಹೂಂ ಮಾಮಾ” ಎನ್ನುತ್ತಿದ್ದರೆ, ಏಕಕಾಲಕ್ಕೆ ಎರಡು ನೌಕರಿ ಮಾಡುವ ಕರ್ತವ್ಯನಿಷ್ಠರಾದ ತಾವು ನನ್ನ ಕೆನ್ನೆಯನ್ನೇ ಬೆರಳೆಂದು ನಂಬಿ, ಪ್ರತಿ ಹೂಂಗೂ ಒಳಗೆ ಮಾಮಾನ ಮುಖವನ್ನು ಹಿಗ್ಗಿಸಿದಿರಿ. ಕೊನೆಗೆ ಪ್ರಿಂಟನ್ನೂ ಒತ್ತಿಸಿದಿರಿ. ಅಬ್ರಾರ್ ಅದನ್ನು ಸುತ್ತಿ ಕಮಲಾಪುರದ ಬಸ್ಸಿಗೆ ಹಾಕಿಬಿಟ್ಟ. “ಮಾಮಾ ಖುಷ್ ಆಗ್ಲಿ ಅಂತ ನೀವೇ ದೊಡ್ಡದು ಮಾಡೀರಿ ಅನ್ಕೊಂಡೆ ಅಕ್ಕಾ” ಎಂಬುದು ಅವನ ವಿವರಣೆ.

ಹೀಗೆ ಕೆನ್ನೆಯಿಂದ ರಚಿತವಾದ ಬ್ಯಾನರ್ ಕಮಲಾಪುರದ ಬಸ್ ನಿಲ್ದಾಣದೆದುರು ಏರಿತು: ಎಡದಿಂದ ಬಲದವರೆಗೆ ಮಾಮಾ, ಮೀಸೆಯ ತುದಿಯಲ್ಲಿ ಕಡಲೆಕಾಳಿನಷ್ಟು ನಾನು ಮತ್ತು ನನ್ನ ವರ, ಕೆಳಗೆ ‘ಶುಭ ವಿವಾಹ’. ಮೊಮ್ಮಕ್ಕಳಿರುವ ಮಾಮಾನೇ ಮದುಮಗನೆಂದು ತಿಳಿದು ಊರವರು ಕೈಕುಲುಕಿ ಶುಭ ಕೋರಿದರು. “ಹುಡುಗಿ ಯಾವೂರಾಕಿರಿ?” ಎಂದು ಮಾಮಾನ ಹೆಂಡತಿ ಮಹಾದೇವಮ್ಮ ಅತ್ತೆಯೇ ಗಂಡನನ್ನು ಕೇಳಿದರಂತೆ.

ಆದ್ದರಿಂದ ತಾವು ದಯಮಾಡಿ ಕೆನ್ನೆ ಯಾವುದು, ಬೆರಳು ಯಾವುದು ಎಂಬ ವಿವೇಕವನ್ನು ಸಂಪಾದಿಸಬೇಕು. ಅದು ಕಷ್ಟವೆನಿಸಿದರೆ, ಯಾವ ನೆಂಟ ನೋಡಿದರೂ ಅವನ ಮುಖವೇ ಎಲ್ಲರಿಗಿಂತ ಅಗಲವಾಗಿ ಕಾಣುವಂಥ ಬ್ಯಾನರನ್ನಾದರೂ ಕರುಣಿಸಬೇಕು.

ಇಂದು ಮುಂಜಾನೆ ಮಾಮಾ ಆ ಬ್ಯಾನರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದರು. ನಾನು ತಮ್ಮನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಅವರು ಅದನ್ನು ನೆಲದ ಮೇಲೆ ಹಾಸಿ, ಕನ್ನಡಕ ಏರಿಸಿ, ಮೀಸೆಯ ಬಳಿ ನನ್ನನ್ನು ಹುಡುಕಿ ಬೆರಳಿಟ್ಟರು. “ನನ್ನ ತೆಗದುಬಿಡವಾ, ನಿನ್ನ ದೊಡ್ಡದು ಮಾಡು. ನಾ ನಿನ್ನ ಹಿಂದ ನಿಂದ್ರಾಂವ. ಹಿಂದ ನಿಂತಾಂವ ಯಾಕ ಕಾಣಬೇಕು?” ಎಂದರು. ನಗುತ್ತ ನಗುತ್ತಲೇ ನನಗೆ ಅಳು ಬಂತು.

ಇನ್ನು ಮುಂದೆ ತಮ್ಮನ್ನು ಕಿವಿಗಷ್ಟೇ ಹಚ್ಚಿಕೊಳ್ಳುವ,
ತಮ್ಮ ವಿಶ್ವಾಸಿ,
ರಾಜೇಶ್ರೀ

ತಾ.ಕ.: ಹೊಸ ಮೌಸ್ ಬಂದಿದೆ. ತಮ್ಮಷ್ಟು ಜಾಣತನ ಅದಕ್ಕಿಲ್ಲ. ಆದರೆ ಅದರ ನಂಬರ್ ಯಾವ ನೆಂಟರ ಬಳಿಯೂ ಇಲ್ಲ.