ದೊರೆಸಾನಿಯ ಅಳತೆ

ಟೈಲರಿಗೆ ತನ್ನ ಮನೆಯ ಕೋಳಿಯ ಬಗ್ಗೆ ಗೊತ್ತಿದ್ದದ್ದು ಬಹಳ ಕಡಿಮೆ. ಅದು ಹಿತ್ತಲಲ್ಲಿ ಇರುತ್ತದೆ, ಕಂದು ಬಣ್ಣದ್ದು, ಹೆಸರು ದೊರೆಸಾನಿ, ಮತ್ತು ಹೆಂಡತಿಯ ಮನಸ್ಸಿನಲ್ಲಿ ಅದಕ್ಕಿರುವ ಜಾಗ ತನಗಿರುವ ಜಾಗಕ್ಕಿಂತ ಎರಡು ಇಂಚು ಹೆಚ್ಚು. ಇಷ್ಟು ತಿಳಿದುಕೊಂಡೇ ಅವನು ನಾಲ್ಕು ವರ್ಷ ಸುಖವಾಗಿ ಸಂಸಾರ ಮಾಡಿದ್ದ.

ಹೆಂಡತಿ ತನ್ನ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಹೋಗಿ ಆರು ದಿನವಾಗಿತ್ತು. ಆರೂ ದಿನ ಅವನು ಬೆಳಿಗ್ಗೆ ಎದ್ದು, ಹಿತ್ತಲ ಬಾಗಿಲನ್ನು ಒಂದು ಗೇಣು ತೆರೆದು, ಒಂದು ಹಿಡಿ ಕಾಳನ್ನು ಹೊರಗೆ ಎರಚಿ, ಬಾಗಿಲು ಹಾಕಿಕೊಂಡು ಕರ್ತವ್ಯ ಮುಗಿಸಿದ್ದ. ಏಳನೆಯ ದಿನ, ಎಂದರೆ ಹೆಂಡತಿ ಸಂಜೆ ಐದರ ಬಸ್ಸಿಗೆ ವಾಪಸಾಗಬೇಕಿದ್ದ ದಿನ, ಒಣಹಾಕಿದ್ದ ಟವೆಲ್ ತರಲು ಎರಡೂ ಕಾಲು ಹೊರಗಿಟ್ಟ. ಒಗೆಯುವ ಕಲ್ಲಿನ ಮರೆಯಲ್ಲಿ ಕೋಳಿ ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿತ್ತು. ಕಾಳು ಅದರ ಕೊಕ್ಕಿನ ಮುಂದೆಯೇ ಬಿದ್ದಿತ್ತು. ಗುಬ್ಬಿಗಳು ಬಂದು ತಿನ್ನುತ್ತಿದ್ದವು. ಕೋಳಿ ಅತ್ತ ನೋಡಲೂ ಇಲ್ಲ.

ಅವನು ಬಗ್ಗಿ ಎತ್ತಿಕೊಂಡ. ದಿಂಬು ಎಂದುಕೊಂಡು ಬರೀ ದಿಂಬಿನ ಚೀಲ ಎತ್ತಿದ ಹಾಗಾಯಿತು. ಎದೆಯ ಮೂಳೆ ಕತ್ತರಿಯ ಅಲಗಿನಂತೆ ಅಂಗೈಗೆ ಚುಚ್ಚಿತು.

ಗಾಬರಿಯಾದಾಗ ಕೆಲವರು ಕೂಗುತ್ತಾರೆ, ಕೆಲವರು ನೀರು ಕುಡಿಯುತ್ತಾರೆ. ಟೈಲರ್ ಅಳತೆ ತೆಗೆಯುತ್ತಾನೆ. ಕೊರಳಲ್ಲಿದ್ದ ಟೇಪನ್ನು ಎಳೆದು ಕೋಳಿಗೆ ಸುತ್ತಿದ. ಎದೆ ಹನ್ನೊಂದು, ಕೊರಳು ನಾಲ್ಕು. ಭುಜ ಎಲ್ಲಿ ಶುರುವಾಗುತ್ತದೆ ಎಂದು ಹುಡುಕುತ್ತಿರುವಾಗ ಗೋಡೆಯಾಚೆಯಿಂದ ಪಕ್ಕದ ಮನೆಯ ಇಸ್ತ್ರಿಯವನ ತಲೆ ಮೇಲೆದ್ದಿತು.

"ಏನಣ್ಣಾ, ಕೋಳಿಗೂ ಅಂಗಿ ಆರ್ಡರ್ ಬಂತಾ?"

"ತಮಾಷೆ ಮಾಡ್ಬೇಡ ಮಾರಾಯ. ಇದು ಪೂರ್ತಿ ಇಳಿದುಹೋಗಿದೆ. ಸಂಜೆ ಇವಳು ಬರ್ತಾಳೆ. ಕೋಳಿಗೆ ಏನಾದ್ರೂ ಆದ್ರೆ ನನ್ನ ಗತಿ?"

ಇಸ್ತ್ರಿಯವನ ಮುಖ ಸಪ್ಪಗಾಯಿತು. ಅವನು ಗೋಡೆ ಹಾರಿಯೇ ಬಂದ. ಅವನಷ್ಟು ದಪ್ಪನೆಯ ಮನುಷ್ಯ ಗೋಡೆ ಹಾರಿದ್ದನ್ನು ಆ ಬೀದಿ ಅದುವರೆಗೆ ಕಂಡಿರಲಿಲ್ಲ. "ಕಾವು ಬೇಕಣ್ಣಾ ಇದಕ್ಕೆ, ಕಾವು! ಒಳಗೆ ತಗೊಂಡು ನಡೀರಿ," ಎಂದು ತಾನೇ ಮುಂದೆ ನಡೆದ.

ಮನೆಯ ಮುಂದಿನ ಕೋಣೆಯೇ ಟೈಲರನ ಅಂಗಡಿ. ಬಟ್ಟೆಚೂರುಗಳ ಬುಟ್ಟಿಯಲ್ಲಿ ಕೋಳಿಯನ್ನು ಕೂರಿಸಿದರು. ಇಸ್ತ್ರಿಯವನು ಕಾದ ಇಸ್ತ್ರಿಪೆಟ್ಟಿಗೆ ತಂದು ಪಕ್ಕದಲ್ಲಿಟ್ಟ. ಎರಡು ನಿಮಿಷಕ್ಕೆ ಸುಟ್ಟ ವಾಸನೆ ಬಂತು. ಕೋಳಿಗೆ ಏನೂ ಆಗಿರಲಿಲ್ಲ, ಯಾರದೋ ಪ್ಯಾಂಟಿನ ಒಂದು ಕಾಲು ಹೋಗಿತ್ತು. ಆ ವಾಸನೆ ಹಿಡಿದುಕೊಂಡು ಎದುರುಮನೆಯ ನರ್ಸಮ್ಮ ಬಂದರು. ಆಕೆ ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಆ ಬೀದಿಯಲ್ಲಿ ಅವರ ಕಣ್ತಪ್ಪಿಸಿ ಒಬ್ಬರೂ ಕೆಮ್ಮುವಂತಿರಲಿಲ್ಲ.

"ಸರೀರಿ ಇಬ್ರೂ," ಎಂದು ನರ್ಸಮ್ಮ ಕೋಳಿಯ ರೆಪ್ಪೆ ಎಳೆದು ನೋಡಿದರು. ನಾಡಿ ಹುಡುಕಿದರು, ಸಿಗಲಿಲ್ಲ. ಸಿಕ್ಕಿತೆಂಬಂತೆ ತಲೆಯಾಡಿಸಿದರು. "ಬರೀ ಮೂಳೆ ಚಕ್ಕಳ. ಅಲ್ಲಪ್ಪಾ, ಇಷ್ಟು ದಿನ ನೀನು ಕಣ್ಣೆಲ್ಲಿ ಇಟ್ಕೊಂಡಿದ್ದೆ?"

"ದಿನಾ ಕಾಳು ಹಾಕಿದ್ದೀನಿ ನರ್ಸಮ್ಮಾ."

"ಹಾಕಿದ್ರೆ ಸಾಲ್ದು. ತಿಂತಾ ಅಂತ ನೋಡ್ಬೇಕು."

ಆಕೆ ಸಕ್ಕರೆ ನೀರು ಕಲಸಿ, ಹನಿ ಹಾಕುವ ಕೊಳವೆಯಿಂದ ಕೊಕ್ಕಿನ ಸಂದಿಗೆ ಬಿಟ್ಟರು. ಕೋಳಿ ನುಂಗಿದಂತೆ ಮಾಡಿ, ಎಲ್ಲವನ್ನೂ ಒಂದೇ ಸೀನಿಗೆ ಆಕೆಯ ಕನ್ನಡಕದ ಮೇಲೆ ವಾಪಸು ಮಾಡಿತು. "ಶಕ್ತಿ ಇದೆ," ಎಂದರು ನರ್ಸಮ್ಮ, ಕನ್ನಡಕ ಒರೆಸಿಕೊಳ್ಳುತ್ತಾ. "ಆದರೆ ಒದ್ದೆ ಆಯ್ತು. ಬೆಚ್ಚಗೆ ಏನಾದ್ರೂ ಹೊದಿಸು. ನೇರ ಪಶು ಆಸ್ಪತ್ರೆಗೆ ಹೋಗು. ಮಧ್ಯಾಹ್ನ ಆದ್ರೆ ನಾನು ಜವಾಬ್ದಾರಳಲ್ಲ."

ಹೊದಿಸಿದ್ದನ್ನೆಲ್ಲಾ ಕೋಳಿ ಕೊಡವಿ ಬೀಳಿಸಿತು. ಟೈಲರ್ ಹಲ್ಲು ಕಚ್ಚಿ ಮಷೀನಿನ ಮುಂದೆ ಕೂತ. ಹತ್ತೇ ನಿಮಿಷದಲ್ಲಿ ಬೂದು ಉಣ್ಣೆಯ ಒಂದು ಅಂಗಿ ತಯಾರಾಯಿತು: ರೆಕ್ಕೆಗೆ ಎರಡು ತೂತು, ಬೆನ್ನಿಗೆ ಮೂರು ಗುಂಡಿ. ಅದನ್ನು ತೊಟ್ಟ ಕೋಳಿ ನಿವೃತ್ತಿಗೆ ಒಂದು ವಾರವಿರುವ ಹೆಡ್‌ಮಾಸ್ತರರ ಹಾಗೆ ಕಾಣಿಸಿತು. ಟೈಲರ್ ಅದನ್ನು ಅಂಗಡಿಯ ಬಟ್ಟೆಚೀಲದೊಳಗೆ ಮೆಲ್ಲಗೆ ಇಳಿಸಿ ಮೇಜಿನ ಮೇಲಿಟ್ಟು, ಚಪ್ಪಲಿ ಹುಡುಕಲು ಒಳಗೆ ಹೋದ.

ಎಡವಟ್ಟಾದದ್ದು ಅಲ್ಲಿ. ಮೇಜಿನ ಮೇಲೆ ಅಂಥದೇ ಇನ್ನೊಂದು ಚೀಲವಿತ್ತು. ಅದರಲ್ಲಿ ಬ್ಯಾಂಕಿನ ಮ್ಯಾನೇಜರ್ ಮೇಡಂ ಅವರ ಹೊಸ ಕೋಟು. ಟೈಲರ್ ಚಪ್ಪಲಿ ಮೆಟ್ಟಿಕೊಂಡು ಬಂದವನೇ ಚೀಲ ಎತ್ತಿಕೊಂಡು, "ಮೇಡಂ ಬಂದ್ರೆ ಚೀಲ ಕೊಟ್ಟುಬಿಡು," ಎಂದು ಇಸ್ತ್ರಿಯವನಿಗೆ ಹೇಳಿ ಸೈಕಲ್ ಹತ್ತಿದ.

ಪಶು ಆಸ್ಪತ್ರೆಯಲ್ಲಿ ಅವನ ಮುಂದೆ ಒಂದು ಕರು, ಎರಡು ನಾಯಿ, ಮುಖಕ್ಕೆ ಗಾಯವಾದ ಒಂದು ಬೆಕ್ಕು. ಒಂದು ಗಂಟೆ ಅವನು ಚೀಲವನ್ನು ಎದೆಗವಚಿಕೊಂಡು ಕೂತ. ಒಳಗಿನಿಂದ ಸದ್ದಿಲ್ಲ, ಮಿಸುಕಾಟವಿಲ್ಲ. ಕೊನೆಗೆ ಡಾಕ್ಟರು ಕರೆದರು.

"ಏನು ತೊಂದರೆ?"

"ತಿಂತಿಲ್ಲ ಡಾಕ್ಟ್ರೇ. ತೂಕ ಪೂರ್ತಿ ಇಳಿದಿದೆ. ಈಗ ಅಲ್ಲಾಡ್ತಾನೂ ಇಲ್ಲ," ಎಂದು ಕಣ್ಣು ಮುಚ್ಚಿಕೊಂಡೇ ಚೀಲಕ್ಕೆ ಕೈಹಾಕಿ ಕೋಟನ್ನು ಮೇಜಿನ ಮೇಲೆ ಮಲಗಿಸಿದ.

ಡಾಕ್ಟರು ಕನ್ನಡಕ ಏರಿಸಿ ಕೋಟನ್ನು ನೋಡಿದರು. ಒಂದು ತೋಳನ್ನು ಎತ್ತಿ ಬಿಟ್ಟರು. ಅದು ಬಿತ್ತು. "ಇದು ಕೈಮೀರಿದೆ," ಎಂದರು. "ಬಹಳ ತಡ ಮಾಡಿದಿರಿ."

ಟೈಲರನಿಗೆ ನಗು ಬರಲಿಲ್ಲ. ಕೋಟು ಇಲ್ಲಿದ್ದರೆ ಕೋಳಿ ಎಲ್ಲಿ ಎಂಬ ಲೆಕ್ಕ ತಲೆಯಲ್ಲಿ ಓಡಿ ಮುಗಿಯುವಷ್ಟರಲ್ಲಿ ಅವನ ಸೈಕಲ್ಲು ಬ್ಯಾಂಕಿನ ಮೆಟ್ಟಿಲ ಬಳಿ ಇತ್ತು.

ಬ್ಯಾಂಕಿನಲ್ಲಿ ಎಲ್ಲರೂ ಕೆಲಸ ಬಿಟ್ಟು ಮ್ಯಾನೇಜರರ ಕೋಣೆಯ ಗಾಜಿಗೆ ಮುಖ ಒತ್ತಿ ನಿಂತಿದ್ದರು. ಒಳಗೆ, ತಪಾಸಣೆಗೆಂದು ಮೇಲಿನ ಕಚೇರಿಯಿಂದ ಬಂದಿದ್ದ ಇಬ್ಬರು ಅಧಿಕಾರಿಗಳು ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಅವರ ನಡುವೆ, ಮೇಜಿನ ಮೇಲೆ, ಬೂದು ಅಂಗಿ ತೊಟ್ಟ ಕೋಳಿ ಕಡತಗಳನ್ನು ದಾಟಿಕೊಂಡು ನಿಧಾನವಾಗಿ ನಡೆಯುತ್ತಿತ್ತು. ಮೂವರಲ್ಲಿ ಅದೇ ಹಿರಿಯ ಅಧಿಕಾರಿಯಂತಿತ್ತು. ಮೇಡಂ ಅವರ ಊಟದ ಡಬ್ಬಿಯ ಬಳಿ ಬಂದು ನಿಂತಿತು. ಬಗ್ಗಿತು. ಒಂದು ಅಗುಳು ಎತ್ತಿತು.

"ತಿಂತು!" ಎಂದು ಟೈಲರ್ ಬಾಗಿಲು ತಳ್ಳಿಕೊಂಡು ನುಗ್ಗಿದ. "ಮೇಡಂ, ತಿಂತು ನೋಡಿ! ಇನ್ನೊಂದು ಅಗುಳು... ದಯವಿಟ್ಟು ಯಾರೂ ಅಲ್ಲಾಡ್ಬೇಡಿ!"

ಅಧಿಕಾರಿಗಳು ಅಲ್ಲಾಡಲಿಲ್ಲ. ಕೋಳಿ ಇನ್ನೊಂದು ಅಗುಳು ತಿಂದು, ತಪಾಸಣೆಯ ವರದಿಯ ಮೇಲೆ ತನ್ನ ಷರಾ ಬರೆದು ಕೂತುಬಿಟ್ಟಿತು.

ಮೇಡಂ ವರದಿಯನ್ನು ಕೋಳಿಯ ಅಡಿಯಿಂದ ಎಳೆದುಕೊಂಡರು. ಆಮೇಲೆ ಅವರ ಕಣ್ಣು ಕೋಳಿಯ ಬೆನ್ನ ಮೇಲಿನ ಹೊಲಿಗೆಯ ಮೇಲೆ ನಿಂತಿತು.

"ಟೈಲರೇ," ಎಂದರು ತಣ್ಣಗೆ. "ಎಂಟು ವರ್ಷದಿಂದ ನಿಮ್ಮ ಹತ್ರ ಹೊಲಿಸ್ತಿದ್ದೀನಿ. ಎಂಟು ವರ್ಷವೂ ಭುಜದಲ್ಲಿ ಬಿಗಿ. ಇದಕ್ಕೆ ಮಾತ್ರ ಮೈಗೆ ಅಂಟಿದ ಹಾಗೆ ಕೂತಿದೆಯಲ್ಲ, ಹೇಗೆ?"

ಟೈಲರ್ ಕೋಟನ್ನು ಅವರ ಕೈಗಿತ್ತು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಿದ್ದ. ಹಳೆಯ ಗಿರಾಕಿಯೊಬ್ಬರು ಕೈಬಿಟ್ಟರು ಎಂಬುದು ಅವನಿಗೆ ಮೆಟ್ಟಿಲು ಇಳಿಯುವಾಗಲೇ ತಿಳಿಯಿತು. ವಿಚಿತ್ರವೆಂದರೆ ಅವನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಎರಡು ಅಗುಳು ತಿಂತು. ಎರಡು."

ಡಾಕ್ಟರು ಈ ಸಲ ಅಂಗಿ ಬಿಚ್ಚಿಸಿ ತೂಗಿದರು. "ಎಂಟುನೂರ ಎಂಬತ್ತು ಗ್ರಾಂ. ಇದರ ಎರಡರಷ್ಟು ಇರ್ಬೇಕಿತ್ತು." ಹೊಟ್ಟೆ ಮುಟ್ಟಿ, ರೆಕ್ಕೆಯ ಅಡಿ ನೋಡಿ, ತಮಾಷೆ ಬಿಟ್ಟು ಹೇಳಿದರು: "ಹುಳದ ಕಾಟ. ತಿಂದದ್ದೆಲ್ಲಾ ಅವಕ್ಕೇ ಹೋಗಿದೆ. ಔಷಧ ಕೊಡ್ತೀನಿ. ಎರಡು ಗಂಟೆಗೊಮ್ಮೆ ಮೆತ್ತಗಿನ ಆಹಾರ, ಹನಿಹನಿಯಾಗಿ. ದಿನಾ ಒಂದೇ ಹೊತ್ತಿಗೆ ತೂಗಿ. ಉಳಿಯುತ್ತೆ ಅಂತ ಮಾತು ಕೊಡಲಾರೆ. ತೂಕ ಏರೋಕೆ ಶುರುವಾದ್ರೆ ಉಳೀತು ಅಂದ್ಕೊಳ್ಳಿ."

ಮಧ್ಯಾಹ್ನವೆಲ್ಲಾ ಟೈಲರ್ ಮಷೀನು ಮುಟ್ಟಲಿಲ್ಲ. ಕೋಳಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಔಷಧ ಕುಡಿಸಿ, ಮೊಟ್ಟೆಯ ಹಳದಿಯನ್ನು ನೀರಲ್ಲಿ ಕದಡಿ ಹನಿಹನಿಯಾಗಿ ಬಿಟ್ಟ. ಮೊಟ್ಟೆ ತಿನ್ನಿಸುತ್ತಿರುವುದು ಯಾರಿಗೆ ಎಂದು ನೆನೆದು ಒಮ್ಮೆ ಕೈ ತಡೆಯಿತು. ಕೋಳಿಗೆ ಅಂಥ ಸಂಕೋಚವೇನೂ ಇರಲಿಲ್ಲ, ನುಂಗಿತು. ಅದರ ಗುಂಡಿಗೆಯ ಬಡಿತ ಅಂಗೈಗೆ ತಾಗುತ್ತಿತ್ತು, ಸಣ್ಣ ಹೊಲಿಗೆ ಹಾಕುವ ಮಷೀನಿನ ಹಾಗೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಈ ಜೀವವನ್ನು ಮುಟ್ಟಿ ನೋಡಿರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ಹೆದರ್ಬೇಡ ದೊರೆಸಾನಿ," ಎಂದ, ಯಾರಿಗೂ ಕೇಳಿಸದಂತೆ. "ಅವಳು ಬರೋವರೆಗೂ ಇರು. ಆಮೇಲೂ ಇರು."

ಇಸ್ತ್ರಿಯವನು ಗಂಟೆಗೆ ಎರಡು ಸಲ ಬಂದು ಇಣುಕಿ ಹೋಗುತ್ತಿದ್ದ. ನರ್ಸಮ್ಮ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದರು. ಹೆಂಡತಿಗೆ ಏನು ಹೇಳಬೇಕೆಂದು ಟೈಲರ್ ಮೂರು ಬಗೆಯಲ್ಲಿ ತಯಾರಿ ಮಾಡಿಕೊಂಡ. ಮೂರರಲ್ಲೂ ಅವನೇ ಅಳಬೇಕಿತ್ತು.

ಐದೂಕಾಲಿಗೆ ಹೆಂಡತಿ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮುಚ್ಚಳದ ಬುಟ್ಟಿ.

"ಕ್ಷಮಿಸಿಬಿಡೇ," ಎಂದು ಟೈಲರ್ ಎದ್ದು ನಿಂತ. ಮೂರು ಭಾಷಣಗಳೂ ಒಟ್ಟಿಗೆ ಬಾಯಿಗೆ ಬಂದವು. "ನಾನು ದಿನಾ ಕಾಳು ಹಾಕ್ದೆ, ಆದ್ರೆ ನೋಡ್ಲಿಲ್ಲ. ತಪ್ಪು ನಂದೇ. ಡಾಕ್ಟ್ರು ಹುಳ ಅಂದ್ರು. ದೊರೆಸಾನಿ ಉಳ್ಕೋತಾಳೆ, ನಾನು ಉಳಿಸ್ಕೋತೀನಿ..."

ಹೆಂಡತಿ ಗಂಡನನ್ನು ನೋಡಿದಳು, ಅಂಗಿ ತೊಟ್ಟ ಕೋಳಿಯನ್ನು ನೋಡಿದಳು. ನಿಧಾನವಾಗಿ ಬುಟ್ಟಿಯ ಮುಚ್ಚಳ ತೆಗೆದಳು. ಒಳಗಿನಿಂದ ಕೊಬ್ಬಿದ, ಮಿರಿಮಿರಿ ಮಿಂಚುವ, ಸಿಟ್ಟಿನ ಮುಖದ ಕಂದು ಕೋಳಿಯೊಂದು ತಲೆ ಹೊರಹಾಕಿತು.

"ರೀ, ದೊರೆಸಾನಿ ಇಲ್ಲಿದ್ದಾಳೆ," ಎಂದಳು. "ಅಕ್ಕನಿಗೆ ದಿನಾ ಒಂದು ಮೊಟ್ಟೆ ಆಗುತ್ತೆ, ಜೊತೆಗೇ ಕರ್ಕೊಂಡು ಹೋಗ್ತೀನಿ ಅಂತ ಹೊರಡುವಾಗ ಎರಡು ಸಲ ಹೇಳಿದ್ದೆ. ಎರಡು ಸಲವೂ ಹೂಂ ಅಂದ್ರಿ. ಹಾಗಾದ್ರೆ ಆರು ದಿನ ಕಾಳು ಹಾಕಿದ್ದು ಯಾರಿಗೆ? ಇದು ಯಾರ ಕೋಳಿ?"

ಟೈಲರ್ ತನ್ನ ಕೈಯಲ್ಲಿದ್ದ ಕೋಳಿಯನ್ನು ನೋಡಿದ. ಕೋಳಿಯೂ ಅವನನ್ನು ನೋಡಿತು. ಬಾಗಿಲ ಬಳಿ ನಿಂತಿದ್ದ ಇಸ್ತ್ರಿಯವನು ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ನರ್ಸಮ್ಮ ಅವನ ಅಂಗಿಯ ತೋಳು ಹಿಡಿದರು.

"ಎಲ್ಲಿಗಪ್ಪಾ?"

ಇಸ್ತ್ರಿಯವನು ಕೈ ಮುಗಿದ. "ನಂದೇ ಅಣ್ಣಾ ಅದು. ಮೂರು ದಿನದ ಹಿಂದೆ ಗೋಡೆಯಾಚೆ ನಿಮ್ಮ ಹಿತ್ತಲಿಗೆ ಬಿಟ್ಟಿದ್ದೆ. ಅತ್ತಿಗೆ ಊರಲ್ಲಿಲ್ಲ ಅಂತ ನಂಗೊತ್ತಿರಲಿಲ್ಲ. ಅವರ ಕೈಲಿ ಎಂಥ ಕೋಳಿಯಾದ್ರೂ ಹುಷಾರಾಗುತ್ತೆ ಅಂತ..."

"ಬೆಳಿಗ್ಗೆಯಿಂದ ಜೊತೆಗಿದ್ದು ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?" ಟೈಲರ್ ಕಿರುಚಿದ. "ಬ್ಯಾಂಕಿನ ಗಿರಾಕಿ ಹೋಯ್ತು, ಯಾರದೋ ಪ್ಯಾಂಟು ಹೋಯ್ತು, ದಿನದ ಕೆಲಸ ಹೋಯ್ತು!"

"ಹೇಳಿದ್ರೆ ನೀವು ವಾಪಸ್ ಕೊಡ್ತಿದ್ರಿ. ಮನೇಲಿ ನನ್ನ ಹೆಂಡ್ತಿ ಒಲೆ ಮೇಲೆ ಪಾತ್ರೆ ಇಟ್ಟುಬಿಟ್ಟಿದ್ಲು ಅಣ್ಣಾ. ಇದರಲ್ಲಿ ಬರೀ ಮೂಳೆ ಇದೆ, ಮೈ ತುಂಬಿದ ಮೇಲೆ ನಾನೇ ತಂದ್ಕೊಡ್ತೀನಿ ಅಂತ ಕೈಕಾಲು ಹಿಡಿದು ಉಳಿಸ್ದೆ. ಎಷ್ಟು ತೂಕ ಬರ್ಬೇಕು ಅಂದಳು. ಒಂದೂವರೆ ಕಿಲೋ ಅಂತ ಮಾತು ಕೊಟ್ಟಿದ್ದೀನಿ." ಅವನು ಕಣ್ಣೊರೆಸಿಕೊಂಡ. "ನಮ್ಮ ಮನೇಲಿ ಮಾತಿಗೆ ತಪ್ಪೋ ಹಾಗಿಲ್ಲ. ತೂಕ ಬಂದ ದಿನ ಅವಳೇ ಬಂದು ತಗೊಂಡು ಹೋಗ್ತಾಳಂತೆ."

ನರ್ಸಮ್ಮ ಗಡಿಯಾರ ನೋಡಿ ಎಚ್ಚರಿಸಿದರು. "ಕೊಟ್ಟು ಎರಡು ಗಂಟೆ ಕಳೀತಪ್ಪಾ. ಮತ್ತೆ ಕೊಡೋ ಹೊತ್ತು."

ಟೈಲರ್ ಕುಕ್ಕರಿಸಿದ. ಕೊಳವೆಯಲ್ಲಿ ಹಳದಿ ತುಂಬಿಕೊಂಡ. ಕೊಡದಿದ್ದರೆ ನಾಳೆ ಬೆಳಿಗ್ಗೆವರೆಗೂ ಇರುವುದಿಲ್ಲ. ಕೊಟ್ಟರೆ ದಿನದಿನಕ್ಕೂ ಒಂದೂವರೆ ಕಿಲೋ ಹತ್ತಿರವಾಗುತ್ತದೆ. ಅವನ ಕೈ ನಡುವೆಯೇ ನಿಂತಿತು.

ಅದುವರೆಗೆ ಕೊಳವೆಯಿಂದ ಬಲವಂತಕ್ಕೆ ನುಂಗುತ್ತಿದ್ದ ಕೋಳಿ ಕುತ್ತಿಗೆ ಚಾಚಿ, ಈ ಸಲ ತಾನಾಗಿಯೇ ಕೊಕ್ಕು ಅಗಲಿಸಿ ಕಾಯತೊಡಗಿತು.